ಹಳೆಯ 1756-ಇಎನ್‌ಬಿಟಿ ತೆಗೆದು 1756-ಇಎನ್2ಟಿ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಲೆನ್-ಬ್ರಾಡ್ಲಿ ಕಂಟ್ರೋಲ್‌ಲಾಜಿಕ್ಸ್ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಇರುವ ಪ್ಯಾನೆಲ್ ಬಾಗಿಲು ತೆರೆದರೆ, ಇವತ್ತಿಗೂ ಎಷ್ಟೋ ಕಡೆ ಒಂದೇ ಎತರ್ನೆಟ್ ಪೋರ್ಟ್ ಇರುವ 1756-ಇಎನ್‌ಬಿಟಿ ಕಾರ್ಡ್ ಕಾಣಿಸುತ್ತದೆ. ಆ ಕಾರ್ಡ್ ಈಗ ತಯಾರಾಗುವುದಿಲ್ಲ. ಅದರ ಜಾಗಕ್ಕೆ ಬಂದದ್ದು 1756-ಇಎನ್2ಟಿ. ಈ ಬದಲಾವಣೆ ಮಾಡುವ ಮುಂಚೆ ಮೆಂಟೆನೆನ್ಸ್‌ನವರು ಫೋನಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಕಾರ್ಡ್ ಕಿತ್ತು ಹಾಕುವುದು ಐದು ನಿಮಿಷದ ಕೆಲಸ. ಹಳೆಯ ಕಾರ್ಡಿನ ಗುರುತನ್ನು ಎಲ್ಲೆಲ್ಲಿ ಬರೆದಿಟ್ಟುಕೊಂಡಿದ್ದಾರೆ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ನಮ್ಮ ಇಎನ್‌ಬಿಟಿ ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಈಗಲೇ ಯಾಕೆ ಬದಲಾಯಿಸಬೇಕು?

ಓಡುವಷ್ಟು ದಿನ ಓಡಲಿ ಎನ್ನುವುದು ತಪ್ಪು ಲೆಕ್ಕವೇನಲ್ಲ. ಆದರೆ ಅದು ರಾತ್ರಿ ಎರಡು ಗಂಟೆಗೆ ಸತ್ತರೆ ನಿಮ್ಮ ಸ್ಟೋರ್‌ನಲ್ಲಿ ಏನಿದೆ ಎಂದು ಈಗಲೇ ಹೋಗಿ ನೋಡಿ. ಇಎನ್‌ಬಿಟಿ ಸ್ಪೇರ್ ಇದ್ದರೆ, ಮತ್ತು ಅದನ್ನು ಯಾರಾದರೂ ಒಮ್ಮೆಯಾದರೂ ಪವರ್ ಕೊಟ್ಟು ಪರೀಕ್ಷಿಸಿದ್ದರೆ, ಇನ್ನೊಂದಷ್ಟು ಕಾಲ ನಿಶ್ಚಿಂತೆ. ಇಲ್ಲದಿದ್ದರೆ ನೀವು ಇಎನ್2ಟಿಗೆ ಹೋಗುವುದು ಖಚಿತ. ಹಗಲು ಹೊತ್ತು ತಯಾರಿ ಮಾಡಿಕೊಂಡು ಹೋಗುತ್ತೀರೋ, ಪ್ರೊಡಕ್ಷನ್ ಮ್ಯಾನೇಜರ್ ಬೆನ್ನ ಹಿಂದೆ ನಿಂತಿರುವಾಗ ಹೋಗುತ್ತೀರೋ, ಆಯ್ಕೆ ಅಷ್ಟೇ.

ಸಕ್ಕರೆ ಕಾರ್ಖಾನೆಯವರಿಗೆ ಇದು ಸುಲಭ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಸಿಮೆಂಟು, ಉಕ್ಕಿನವರಿಗೆ ಆ ಭಾಗ್ಯವಿಲ್ಲ. ಅವರು ವರ್ಷಕ್ಕೊಮ್ಮೆ ಬರುವ ಶಟ್‌ಡೌನ್ ಪಟ್ಟಿಯಲ್ಲಿ ಇದನ್ನು ಮೊದಲೇ ತೂರಿಸಬೇಕು.

ಎರಡು ಕಾರ್ಡುಗಳ ನಡುವೆ ನಿಜವಾದ ವ್ಯತ್ಯಾಸ ಏನು?

ಎರಡೂ 10/100 ಎಂಬಿಪಿಎಸ್, ಎರಡಕ್ಕೂ ಒಂದೊಂದೇ ಆರ್‌ಜೆ45 ಪೋರ್ಟ್, ಎರಡರಲ್ಲೂ ಅಕ್ಷರ ಸರಿಯುತ್ತಾ ಹೋಗುವ ಪುಟ್ಟ ಡಿಸ್ಪ್ಲೇ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು.

ವ್ಯತ್ಯಾಸ ಇರುವುದು ಸಾಮರ್ಥ್ಯದಲ್ಲಿ. ಇಎನ್‌ಬಿಟಿ 64 ಟಿಸಿಪಿ ಕನೆಕ್ಷನ್, 128 ಸಿಐಪಿ (ಈ ಸಾಧನಗಳು ತಮ್ಮೊಳಗೆ ಮಾತಾಡುವ ಭಾಷೆ) ಕನೆಕ್ಷನ್ ಹಿಡಿಯುತ್ತಿತ್ತು. ಇಎನ್2ಟಿ ಅದರ ಎರಡರಷ್ಟು, ಅಂದರೆ 128 ಟಿಸಿಪಿ, 256 ಸಿಐಪಿ. ಎಚ್‌ಎಂಐ (ಆಪರೇಟರ್ ನೋಡುವ ಪರದೆ) ಮೇಲೆ ಎಚ್‌ಎಂಐ ಸೇರಿಸುತ್ತಾ ಬಂದು, ಕೊನೆಗೊಂದು ದಿನ ಹೊಸ ಕಂಪ್ಯೂಟರ್ ಮಾತ್ರ ಡೇಟಾ ತೋರಿಸದೆ ನಿಂತ ಅನುಭವ ನಿಮಗಿದ್ದರೆ, ಈ ಅಂಕಿಗಳ ಬೆಲೆ ಗೊತ್ತಿರುತ್ತದೆ. ಇಎನ್2ಟಿ ಮುಂಭಾಗದಲ್ಲಿ ಒಂದು ಯುಎಸ್‌ಬಿ ಪೋರ್ಟ್ ಇದೆ. ಐಪಿ ವಿಳಾಸಕ್ಕೆ ಮೂರು ತಿರುಗಣೆ ಸ್ವಿಚ್‌ಗಳಿವೆ. ಸರ್ವೊ ಡ್ರೈವ್‌ಗಳನ್ನು ಎತರ್ನೆಟ್ ಮೇಲೆಯೇ ಓಡಿಸುವ ಮೋಷನ್ ಸೌಲಭ್ಯ ಇದೆ, ಎಂಟು ಆಕ್ಸಿಸ್‌ವರೆಗೆ. ಇಎನ್‌ಬಿಟಿಯಲ್ಲಿ ಇವು ಯಾವುವೂ ಇರಲಿಲ್ಲ.

ಒಂದು ಮಾತು. ಎತರ್ನೆಟ್/ಐಪಿ ಎನ್ನುವಲ್ಲಿಯ ‘ಐಪಿ’ ಇಂಟರ್ನೆಟ್ ಪ್ರೊಟೊಕಾಲ್ ಅಲ್ಲ, ಇಂಡಸ್ಟ್ರಿಯಲ್ ಪ್ರೊಟೊಕಾಲ್. ಐಟಿ ವಿಭಾಗದವರಿಗೆ ಫೈರ್‌ವಾಲ್‌ನಲ್ಲಿ ದಾರಿ ಬಿಡಿ ಎಂದು ಕೇಳುವಾಗ ಇದು ಗೊಂದಲ ಎಬ್ಬಿಸುತ್ತದೆ. ಅವರಿಗೆ ಹೆಸರು ಹೇಳುವುದಕ್ಕಿಂತ ಪೋರ್ಟ್ ಸಂಖ್ಯೆ ಹೇಳಿ: ಟಿಸಿಪಿ 44818, ಐ/ಒ (ಇನ್‌ಪುಟ್-ಔಟ್‌ಪುಟ್) ಡೇಟಾಕ್ಕೆ ಯುಡಿಪಿ 2222. ಹೊಸ ಕಾರ್ಡಿಗೂ ಇವೇ ಸಂಖ್ಯೆಗಳು.

ಕೇಬಲ್, ರ‍್ಯಾಕ್, ಪವರ್ ಸಪ್ಲೈ ಬದಲಾಯಿಸಬೇಕಾ?

ಕೇಬಲ್, ರ‍್ಯಾಕ್ ಬೇಡ. ಪವರ್ ಸಪ್ಲೈಗೆ ಒಂದು ಸಣ್ಣ ಲೆಕ್ಕ ಹಾಕಿ. 5.1 ವೋಲ್ಟ್ ಬ್ಯಾಕ್‌ಪ್ಲೇನ್‌ನಿಂದ (ಎಲ್ಲ ಕಾರ್ಡುಗಳನ್ನು ಜೋಡಿಸುವ ಹಿಂಬದಿಯ ಹಲಗೆ) ಇಎನ್‌ಬಿಟಿ 700 ಮಿಲಿಆಂಪ್ ಎಳೆಯುತ್ತಿತ್ತು, ಇಎನ್2ಟಿ 1 ಆಂಪ್ ಎಳೆಯುತ್ತದೆ. ಒಂದು ಕಾರ್ಡಿಗೆ 300 ಮಿಲಿಆಂಪ್ ಹೆಚ್ಚು. ಒಂದೇ ಕಾರ್ಡ್ ಆದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 17 ಸ್ಲಾಟಿನ ರ‍್ಯಾಕ್ ಭರ್ತಿಯಾಗಿದ್ದು, ಅದರಲ್ಲಿ ನಾಲ್ಕೈದು ಎತರ್ನೆಟ್ ಕಾರ್ಡುಗಳಿದ್ದರೆ ಒಂದೂವರೆ ಆಂಪ್‌ವರೆಗೆ ಏರುತ್ತದೆ. 1756-ಪಿಎ72 ಸಪ್ಲೈ ಆ ಸಾಲಿಗೆ ಕೊಡುವುದು 10 ಆಂಪ್, ಪಿಎ75 ಕೊಡುವುದು 13 ಆಂಪ್. ಎಲ್ಲ ಕಾರ್ಡುಗಳ ಅಂಕಿ ಕೂಡಿ ನೋಡಿ.

ಹೊಸ ಕಾರ್ಡಿಗೆ ಐಪಿ ಕೊಡುವುದು ಹೇಗೆ? ಹಳೆಯದರಲ್ಲಿ ಸ್ವಿಚ್ ಇರಲಿಲ್ಲವಲ್ಲ.

ಇಎನ್2ಟಿಯ ಮೂರು ಸ್ವಿಚ್‌ಗಳು ಕಾರ್ಡನ್ನು ರ‍್ಯಾಕಿನಿಂದ ಹೊರಗೆ ಎಳೆದಾಗ ಮಾತ್ರ ಕೈಗೆ ಸಿಗುತ್ತವೆ, ಮತ್ತು ಕಾರ್ಡ್ ಅವನ್ನು ಓದುವುದು ಪವರ್ ಬಂದ ಕ್ಷಣದಲ್ಲಿ ಮಾತ್ರ. ಹಾಗಾಗಿ ಮೊದಲು ಸ್ವಿಚ್, ಆಮೇಲೆ ಸ್ಲಾಟ್.

ಸ್ವಿಚ್ 001ರಿಂದ 254ರ ಒಳಗಿದ್ದರೆ ವಿಳಾಸ 192.168.1 ಆಗಿ, ಕೊನೆಯ ಭಾಗ ಸ್ವಿಚ್ಚಿನ ಸಂಖ್ಯೆಯಾಗುತ್ತದೆ. ಸಬ್‌ನೆಟ್ ಮಾಸ್ಕ್ 255.255.255.0. ನಿಮ್ಮ ಪ್ಲಾಂಟಿನ ವಿಳಾಸಗಳು 192.168.1 ಸಾಲಿನಲ್ಲೇ ಇದ್ದರೆ ಇದಕ್ಕಿಂತ ಸುಲಭ ಇಲ್ಲ. ಆರು ವರ್ಷ ಬಿಟ್ಟು ಬರುವ ಹುಡುಗ ಕೂಡ ಈ ಇಎನ್2ಟಿಯ ಸ್ವಿಚ್ ನೋಡಿಕೊಂಡು ಮುಂದಿನದನ್ನು ಹಾಕಬಲ್ಲ. ಬೇರೆ ಸಾಲಿನಲ್ಲಿದ್ದರೆ ಕಾರ್ಖಾನೆಯಿಂದ ಬಂದ 999ರಲ್ಲೇ ಬಿಡಿ, ವಿಳಾಸವನ್ನು ಸಾಫ್ಟ್‌ವೇರಿನಿಂದ ಕೊಡಿ.

888 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಆ ಸ್ಥಾನದಲ್ಲಿ ಕಾರ್ಡಿಗೆ ಪವರ್ ಕೊಟ್ಟರೆ ಒಳಗಿನ ಸೆಟ್ಟಿಂಗ್ ಎಲ್ಲ ಅಳಿಸಿ ಹೊಚ್ಚ ಹೊಸದರ ಸ್ಥಿತಿಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದವರು ಮೊದಲು ಮಾಡಬೇಕಾದ ಕೆಲಸ ಇದು. ಇನ್ನೊಬ್ಬರ ಪ್ಲಾಂಟಿನ ಐಪಿ ಹೊತ್ತುಕೊಂಡು ಬಂದ ಕಾರ್ಡ್ ನಿಮ್ಮ ನೆಟ್‌ವರ್ಕಿನಲ್ಲಿ ಯಾರ ಮೇಲೆ ಹೋಗಿ ಕೂರುತ್ತದೋ ಹೇಳಲಾಗದು.

ಸಾಫ್ಟ್‌ವೇರಿನಿಂದ ಐಪಿ ಕೊಟ್ಟೆವು, ಕೆಲಸ ಮಾಡಿತು. ಮಾರನೆಯ ದಿನ ಪವರ್ ಹೋಗಿ ಬಂದ ಮೇಲೆ ಕಾರ್ಡ್ ಕಾಣಿಸುತ್ತಿಲ್ಲ. ಯಾಕೆ?

ಇದಕ್ಕೆ ಉತ್ತರ ನನ್ನ ಸ್ವಂತ ಖಾತೆಯಿಂದಲೇ ಕೊಡಬಹುದು.

ಒಂದು ಪ್ಯಾಕಿಂಗ್ ಲೈನಿನಲ್ಲಿ ಶನಿವಾರ ಸಂಜೆ ಕಾರ್ಡ್ ಬದಲಾಯಿಸಿದ್ದೆ. ಹೊಸ ಕಾರ್ಡಿನ ಡಿಸ್ಪ್ಲೇಯಲ್ಲಿ ಮ್ಯಾಕ್ ವಿಳಾಸ (ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ಗುರುತು) ಸರಿಯುತ್ತಾ ಡಿಎಚ್‌ಸಿಪಿಗಾಗಿ, ಅಂದರೆ ಯಾರಾದರೂ ಐಪಿ ಕೊಡಿ ಎಂದು, ಕೂಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಬೂಟ್‌ಪಿ-ಡಿಎಚ್‌ಸಿಪಿ ಟೂಲ್ ತೆರೆದೆ, ಆ ಮ್ಯಾಕ್ ವಿಳಾಸದ ಮೇಲೆ ಕ್ಲಿಕ್ ಮಾಡಿ ಹಳೆಯ ಐಪಿಯನ್ನೇ ಕೊಟ್ಟೆ. ಕಾರ್ಡ್ ಐಪಿ ತೋರಿಸಿತು, ನೆಟ್ ದೀಪ ಹಸಿರಾಯಿತು, ಎಚ್‌ಎಂಐಯಲ್ಲಿ ಮೋಟರುಗಳೆಲ್ಲ ಬಂದವು. ಟೀ ಕುಡಿದು, ಸಹಿ ಹಾಕಿಸಿಕೊಂಡು ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಏಳೂವರೆಗೆ ಫೋನ್: “ಸಾರ್, ನಿಮ್ಮ ಹೊಸ ಕಾರ್ಡ್ ಏನೋ ಅಂತಾ ಇದೆ, ಓಡ್ತಾ ಇರೋ ಅಕ್ಷರ ನಿಲ್ತಾನೇ ಇಲ್ಲ.” ಅದು ಮತ್ತೆ ಡಿಎಚ್‌ಸಿಪಿ ಕೇಳುತ್ತಿತ್ತು, ಉತ್ತರ ಕೊಡಬೇಕಾದ ಲ್ಯಾಪ್‌ಟಾಪ್ ನನ್ನ ಮನೆಯಲ್ಲಿ ಮೇಜಿನ ಮೇಲಿತ್ತು.

ಐಪಿ ಕೊಟ್ಟ ಮೇಲೆ ಅದೇ ಟೂಲಿನಲ್ಲಿ ಬೂಟ್‌ಪಿ-ಡಿಎಚ್‌ಸಿಪಿಯನ್ನು ನಿಲ್ಲಿಸುವ ಬಟನ್ ಒತ್ತಬೇಕು. ಒತ್ತದಿದ್ದರೆ ಕೊಟ್ಟ ವಿಳಾಸ ಪವರ್ ಇರುವವರೆಗೆ ಮಾತ್ರ. ಆ ಬಟನ್ ಒತ್ತಿದಾಗ ಕೆಳಗೆ ಬರುವ ಸಂದೇಶವನ್ನೂ ಓದಿ. ಆದೇಶ ಕಾರ್ಡಿಗೆ ತಲುಪದಿದ್ದರೆ ಅದು ಅಲ್ಲೇ ಹೇಳುತ್ತದೆ. ಅವತ್ತಿನಿಂದ ನಾನು ಜಾಗ ಬಿಡುವ ಮುಂಚೆ ಒಂದು ಸಲ ಪವರ್ ಆಫ್ ಮಾಡಿ ಆನ್ ಮಾಡಿ ನೋಡುತ್ತೇನೆ. ಪ್ರೊಡಕ್ಷನ್‌ನವರು ಗೊಣಗುತ್ತಾರೆ, ಗೊಣಗಲಿ.

ಐಪಿ ಅದೇ, ಕೇಬಲ್ ಅದೇ. ಆದರೂ ಸ್ಕಾಡಾ (ಇಡೀ ಪ್ಲಾಂಟಿನ ಮೇಲೆ ಕಣ್ಣಿಡುವ ಸಾಫ್ಟ್‌ವೇರ್) ಸರ್ವರಿಗೆ ಕಾರ್ಡ್ ಸಿಗುತ್ತಿಲ್ಲ, ನನ್ನ ಲ್ಯಾಪ್‌ಟಾಪಿಗೆ ಸಿಗುತ್ತಿದೆ.

ಐಪಿ ಅದೇ, ಮ್ಯಾಕ್ ಬೇರೆ. ಸರ್ವರ್ ತನ್ನ ಎಆರ್‌ಪಿ ಟೇಬಲ್‌ನಲ್ಲಿ ಈ ಐಪಿ ಎಂದರೆ ಇಂಥ ಮ್ಯಾಕ್ ಎಂದು ಬರೆದಿಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಅದೇ ಸರಿಮಾಡಿಕೊಳ್ಳುತ್ತದೆ. ಕಾಯಲು ಆಗದಿದ್ದರೆ ಆ ಟೇಬಲ್ ಖಾಲಿ ಮಾಡಿ. ಯಾರೋ ಹಳೆಯ ಕಾಲದಲ್ಲಿ ಶಾಶ್ವತ ನಮೂದು ಹಾಕಿಟ್ಟಿದ್ದರೆ ಮಾತ್ರ ಅದನ್ನು ಕೈಯಿಂದಲೇ ಅಳಿಸಬೇಕು.

ಇದಕ್ಕಿಂತ ಗಟ್ಟಿ ತಲೆನೋವು ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಸೆಕ್ಯುರಿಟಿ. ಪ್ಲಾಂಟ್ ನೆಟ್‌ವರ್ಕ್ ಐಟಿ ವಿಭಾಗದ ಕೈಗೆ ಹೋದ ಕಡೆ, ಒಂದೊಂದು ಪೋರ್ಟಿಗೆ ಒಂದೊಂದೇ ಮ್ಯಾಕ್ ಕಟ್ಟಿರುತ್ತಾರೆ. ಹೊಸ ಕಾರ್ಡ್ ಚುಚ್ಚಿದ ಕೂಡಲೇ ಪೋರ್ಟ್ ಮುಚ್ಚಿಕೊಳ್ಳುತ್ತದೆ, ಲಿಂಕ್ ದೀಪವೇ ಆರುತ್ತದೆ. ನೀವು ಕೇಬಲ್ ಬದಲಾಯಿಸುತ್ತೀರಿ, ಕಾರ್ಡ್ ಕೆಟ್ಟಿದೆ ಎನ್ನುತ್ತೀರಿ, ಇನ್ನೊಂದು ಕಾರ್ಡ್ ಹಾಕುತ್ತೀರಿ, ಅದೂ ಹಾಗೇ. ಹೊಸ ಕಾರ್ಡಿನ ಮೈಮೇಲೆ ಮ್ಯಾಕ್ ವಿಳಾಸ ಮುದ್ರಿಸಿರುತ್ತಾರೆ. ಅದರ ಫೋಟೊ ತೆಗೆದು ಹಿಂದಿನ ದಿನವೇ ಐಟಿಯವರಿಗೆ ಕಳಿಸಿ, ಅವರಿಂದ ‘ಸೇರಿಸಿದ್ದೇವೆ’ ಎಂಬ ಉತ್ತರ ಬಂದ ಮೇಲೆ ಮಾತ್ರ ಶಟ್‌ಡೌನ್ ತೆಗೆದುಕೊಳ್ಳಿ.

ಎಲ್ಲ ಕೆಲಸ ಮಾಡುತ್ತಿದೆ, ಆದರೆ ನಿಧಾನ. ಆಗಾಗ ಕನೆಕ್ಷನ್ ಬಿಟ್ಟು ಬಿಟ್ಟು ಹಿಡಿಯುತ್ತದೆ.

ಮೊದಲು ಡ್ಯುಪ್ಲೆಕ್ಸ್ ನೋಡಿ, ಅಂದರೆ ಎರಡೂ ಬದಿ ಒಟ್ಟಿಗೆ ಮಾತಾಡುತ್ತವೋ (ಫುಲ್) ಸರದಿಯಂತೆ ಮಾತಾಡುತ್ತವೋ (ಹಾಫ್) ಎಂದು. ಇಎನ್‌ಬಿಟಿ ಕಾಲದಲ್ಲಿ ಸ್ವಿಚ್ಚಿನಲ್ಲೂ ಕಾರ್ಡಿನಲ್ಲೂ 100 ಎಂಬಿಪಿಎಸ್, ಫುಲ್ ಡ್ಯುಪ್ಲೆಕ್ಸ್ ಎಂದು ಕೈಯಿಂದ ಕಟ್ಟಿಡುವುದು ಅನೇಕರ ರೂಢಿಯಾಗಿತ್ತು. ಹೊಸ ಕಾರ್ಡ್ ಆಟೊ ಸ್ಥಿತಿಯಲ್ಲಿ ಬರುತ್ತದೆ. ಸ್ವಿಚ್ ಬದಿಯಲ್ಲಿ ಕಟ್ಟಿದ ಫುಲ್, ಕಾರ್ಡ್ ಬದಿಯಲ್ಲಿ ಆಟೊ. ಎದುರಿನವನು ಮಾತುಕತೆಗೇ ಬರುವುದಿಲ್ಲವಾದ್ದರಿಂದ ಆಟೊ ಇರುವ ಬದಿ ವೇಗವನ್ನು ಊಹಿಸಿಕೊಂಡು ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಒಬ್ಬ ಮಾತಾಡುತ್ತಲೇ ಕೇಳಿಸಿಕೊಳ್ಳುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ಸರದಿ ಬರಲಿ ಎಂದು ಕಾಯುತ್ತಾನೆ.

ಪಿಂಗ್ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅದೇ ಮೋಸ. ಬ್ರೌಸರಿನಲ್ಲಿ ಕಾರ್ಡಿನ ಐಪಿ ಹಾಕಿ ಅದರ ಡಯಾಗ್ನೊಸ್ಟಿಕ್ ಪುಟದಲ್ಲಿ ಎತರ್ನೆಟ್ ಅಂಕಿಅಂಶ ತೆರೆಯಿರಿ. ವೇಗ, ಡ್ಯುಪ್ಲೆಕ್ಸ್ ಅಲ್ಲೇ ಬರೆದಿರುತ್ತದೆ. ಕೆಳಗೆ ಕೊಲಿಷನ್, ಎಫ್‌ಸಿಎಸ್ ದೋಷಗಳ ಎಣಿಕೆ. ಪುಟವನ್ನು ಐದು ನಿಮಿಷ ಬಿಟ್ಟು ಮತ್ತೆ ತೆರೆದಾಗ ಲೇಟ್ ಕೊಲಿಷನ್ ಸಂಖ್ಯೆ ಏರಿದ್ದರೆ ರೋಗ ಸಿಕ್ಕಿತು. ಎರಡೂ ಬದಿ ಆಟೊ, ಇಲ್ಲವೇ ಎರಡೂ ಬದಿ ಕಟ್ಟಿದ್ದು. ನಾನು ಆಟೊ ಪಕ್ಷ. ಹಳೆಯ ಕಾರ್ಡ್ ಕೀಳುವ ಮುಂಚೆಯೇ ಅದರ ಇದೇ ಪುಟದ ಫೋಟೊ ತೆಗೆದಿಟ್ಟುಕೊಂಡಿದ್ದರೆ ಈ ಹುಡುಕಾಟವೇ ಬೇಕಿರುವುದಿಲ್ಲ.

ಕಾರ್ಡನ್ನು ಅದೇ ಸ್ಲಾಟಿಗೇ ಹಾಕಬೇಕಾ?

ಆದಷ್ಟು ಅದೇ ಸ್ಲಾಟ್. ಬೇರೆ ಸ್ಲಾಟಿಗೆ ಹೋದರೆ ಏನೇನು ಮುರಿಯುತ್ತದೆ ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ಇಲ್ಲಿ ತುಂಬ ಜನ ಎಡವುತ್ತಾರೆ.

ಹೊರಗಿನಿಂದ ಒಳಗೆ ಬರುವವರಿಗೆ, ಅಂದರೆ ಎಚ್‌ಎಂಐ, ಸ್ಕಾಡಾ, ಬೇರೆ ಪಿಎಲ್‌ಸಿಗಳಿಗೆ, ಎತರ್ನೆಟ್ ಕಾರ್ಡ್ ಯಾವ ಸ್ಲಾಟಿನಲ್ಲಿದೆ ಎನ್ನುವುದು ಬೇಕಾಗಿಲ್ಲ. ಅವರ ದಾರಿ: ಐಪಿ ವಿಳಾಸ, ನಂತರ 1 ಎಂದರೆ ಬ್ಯಾಕ್‌ಪ್ಲೇನ್, ನಂತರ ಸಿಪಿಯು ಇರುವ ಸ್ಲಾಟ್. ಮಧ್ಯದ ಕಾರ್ಡಿನ ಸ್ಲಾಟ್ ಎಲ್ಲೂ ಬರುವುದಿಲ್ಲ.

ಒಳಗಿನಿಂದ ಹೊರಗೆ ಹೋಗುವ ಮೆಸೇಜ್ ಇನ್‌ಸ್ಟ್ರಕ್ಷನ್‌ಗೆ ಅದು ಬೇಕು. 1, 3, 2, 192.168.10.25, 1, 0 ಎಂಬ ದಾರಿಯನ್ನು ಹೀಗೆ ಓದಿ: ಬ್ಯಾಕ್‌ಪ್ಲೇನ್‌ಗೆ ಹೋಗು, ಮೂರನೇ ಸ್ಲಾಟಿನ ಕಾರ್ಡನ್ನು ಹಿಡಿ, ಅದರ ಎತರ್ನೆಟ್ ಬಾಗಿಲಿನಿಂದ ಹೊರಬಿದ್ದು ಆ ಐಪಿಗೆ ಹೋಗು, ಅಲ್ಲಿಯ ಬ್ಯಾಕ್‌ಪ್ಲೇನ್ ಹತ್ತಿ ಸೊನ್ನೆ ಸ್ಲಾಟಿನ ಸಿಪಿಯು ಮುಟ್ಟು. ಇಎನ್2ಟಿಯಲ್ಲೂ ಎತರ್ನೆಟ್ ಬಾಗಿಲಿನ ಸಂಖ್ಯೆ 2 ಆಗಿಯೇ ಇರುವುದರಿಂದ ಅದೇ ಸ್ಲಾಟಿನಲ್ಲಿ ಕೂತರೆ ಈ ದಾರಿಗಳಿಗೆ ಕೈ ಹಚ್ಚಬೇಕಿಲ್ಲ.

ಪ್ರೋಗ್ರಾಮಿನಲ್ಲಿ ಏನು ತಿದ್ದಬೇಕು?

ನಿಮ್ಮ ಕಾರ್ಡ್ ಯಾವ ಕೆಲಸ ಮಾಡುತ್ತಿದೆ ಎನ್ನುವುದರ ಮೇಲೆ ಇದೆ. ಬರೀ ಎಚ್‌ಎಂಐ, ಸ್ಕಾಡಾ, ಮೆಸೇಜ್ ಇದ್ದರೆ ಐ/ಒ ಟ್ರೀಯಲ್ಲಿ (ಪ್ರಾಜೆಕ್ಟ್ ಫೈಲಿನಲ್ಲಿ ಕಾರ್ಡುಗಳ ಪಟ್ಟಿ ಇರುವ ಜಾಗ) ಕಾರ್ಡಿನ ಹೆಸರೇ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಇಂಥ ಪ್ಲಾಂಟಿನಲ್ಲಿ ಪ್ರೋಗ್ರಾಂ ಮುಟ್ಟದೆಯೇ ಕಾರ್ಡ್ ಬದಲಾಯಿಸಿ, ಪ್ರಾಜೆಕ್ಟ್ ಫೈಲನ್ನು ಮುಂದಿನ ಶಟ್‌ಡೌನ್‌ನಲ್ಲಿ ಸರಿಪಡಿಸಿದರೂ ನಡೆದೀತು. ಟ್ರೀ ಸುಳ್ಳು ಹೇಳುತ್ತಿದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿಡಿ.

ರಿಮೋಟ್ ರ‍್ಯಾಕ್, ಡ್ರೈವ್, ಪ್ರೊಡ್ಯೂಸ್ಡ್-ಕನ್ಸ್ಯೂಮ್ಡ್ ಟ್ಯಾಗ್ (ಒಂದು ಪಿಎಲ್‌ಸಿ ಕೊಟ್ಟು ಇನ್ನೊಂದು ತೆಗೆದುಕೊಳ್ಳುವ ಡೇಟಾ) ಇದ್ದರೆ ಟ್ರೀ ನಿಜ ಹೇಳಲೇಬೇಕು. ಸಾಫ್ಟ್‌ವೇರ್ ಆರ್‌ಎಸ್‌ಲಾಜಿಕ್ಸ್ 5000 ಆಗಿದ್ದರೆ ಆವೃತ್ತಿ 15ಕ್ಕಿಂತ ಕೆಳಗೆ ಇಎನ್2ಟಿ ಪಟ್ಟಿಯಲ್ಲಿಯೇ ಸಿಗುವುದಿಲ್ಲ. 13ರಲ್ಲಿ ನಿಂತುಬಿಟ್ಟ ಪ್ಲಾಂಟುಗಳು ಇನ್ನೂ ಇವೆ. ಅವರಿಗೆ ಇದು ಕಾರ್ಡ್ ಬದಲಾವಣೆಯಲ್ಲ, ಸಿಪಿಯು ಫರ್ಮ್‌ವೇರ್ (ಅದರೊಳಗೆ ಕೂತ ಸಾಫ್ಟ್‌ವೇರ್) ಏರಿಸುವ ಕೆಲಸ. ಅದಕ್ಕೆ ಬೇರೆಯೇ ತಯಾರಿ ಬೇಕು.

ರಿಮೋಟ್ ರ‍್ಯಾಕಿನಲ್ಲಿ ಕೂತ ಕಾರ್ಡ್ ಬದಲಾಯಿಸುವಾಗ ಒಂದೇ ಒಂದು ಸಂಗತಿ ನಿಮ್ಮನ್ನು ಉಳಿಸುತ್ತದೆ ಅಥವಾ ಮುಳುಗಿಸುತ್ತದೆ: ಆ ಕಾರ್ಡಿಗೆ ಟ್ರೀಯಲ್ಲಿ ಕೊಟ್ಟ ಹೆಸರು. ಅದರ ಕೆಳಗಿನ ಇನ್‌ಪುಟ್, ಔಟ್‌ಪುಟ್ ಕಾರ್ಡುಗಳ ಟ್ಯಾಗುಗಳು ಆ ಹೆಸರಿನಿಂದಲೇ ಶುರುವಾಗುತ್ತವೆ: ರ‍್ಯಾಕಿನ ಹೆಸರು, ಕೋಲನ್, ಸ್ಲಾಟ್, ಕೋಲನ್, ಐ ಅಥವಾ ಒ. ಹೊಸ ಕಾರ್ಡಿಗೆ ಒಂದು ಅಕ್ಷರ ಆಚೀಚೆ ಆದ ಹೆಸರು ಕೊಟ್ಟರೆ ನೂರಾರು ರಂಗ್‌ಗಳಲ್ಲಿ (ಪ್ರೋಗ್ರಾಮಿನ ಸಾಲುಗಳಲ್ಲಿ) ಟ್ಯಾಗ್ ಇಲ್ಲ ಎಂಬ ದೂರು ಬರುತ್ತದೆ. ಹಳೆಯದನ್ನು ಮೊದಲು ಬೇರೆ ಹೆಸರಿಗೆ ಬದಲಾಯಿಸಿ ಪಕ್ಕಕ್ಕಿಡೋಣ ಎಂಬ ಜಾಣತನವೂ ಬೇಡ. ಹೆಸರು ಬದಲಾದಂತೆ ಲಾಜಿಕ್ಕಿನ ಟ್ಯಾಗುಗಳೂ ಅದರ ಬೆನ್ನು ಹಿಡಿದು ಹೋಗುತ್ತವೆ.

ನಾನು ಮಾಡುವುದು ಇಷ್ಟು. ಫೈಲಿನ ಎರಡು ಪ್ರತಿ ಮಾಡಿ, ಒಂದರಲ್ಲಿ ಹಳೆಯ ಕಾರ್ಡನ್ನೂ ಅದರ ಮಕ್ಕಳನ್ನೂ ಅಳಿಸುತ್ತೇನೆ. ಅದೇ ಹೆಸರಿನಲ್ಲಿ ಇಎನ್2ಟಿ ಹುಟ್ಟಿಸಿ, ಮೊದಲ ಪ್ರತಿಯಿಂದ ಐ/ಒ ಕಾರ್ಡುಗಳನ್ನು ತಂದು ಅಂಟಿಸುತ್ತೇನೆ. ಪ್ರತಿ ಕಾರ್ಡಿನ ಕಮ್ಯುನಿಕೇಷನ್ ಫಾರ್ಮ್ಯಾಟ್ ಮುಂಚೆ ಇದ್ದಂತೆಯೇ ಇದೆಯಾ ಎಂದು ಒಂದೊಂದಾಗಿ ಹೋಲಿಸುತ್ತೇನೆ. ರ‍್ಯಾಕ್ ಆಪ್ಟಿಮೈಸ್ಡ್ ಇದ್ದದ್ದು ನೇರ ಕನೆಕ್ಷನ್ ಆದರೆ ಟ್ಯಾಗಿನ ಒಳರಚನೆಯೇ ಬದಲಾಗುತ್ತದೆ. ಕೊನೆಗೆ ಇಡೀ ಪ್ರಾಜೆಕ್ಟನ್ನು ವೆರಿಫೈ ಮಾಡಿ, ಅಲಿಯಾಸ್ ಟ್ಯಾಗುಗಳ ಪಟ್ಟಿಯ ಮೇಲೆ ಕಣ್ಣಾಡಿಸುತ್ತೇನೆ. ಫೈಲನ್ನು ಪಠ್ಯರೂಪದಲ್ಲಿ ತೆಗೆದು ಕಾರ್ಡಿನ ಸಂಖ್ಯೆಯನ್ನು ನೋಟ್‌ಪ್ಯಾಡಿನಲ್ಲೇ ತಿದ್ದುವವರಿದ್ದಾರೆ. ಬೇಗ ಆಗುತ್ತದೆ, ಆದರೆ ಹೆಸರಿನ ಜೊತೆಗೆ ಪ್ರಾಡಕ್ಟ್ ಕೋಡನ್ನೂ ತಿದ್ದಬೇಕೆಂದು ಗೊತ್ತಿಲ್ಲದವರು ಆ ಕಡೆ ಹೋಗದಿರುವುದು ಕ್ಷೇಮ.

ನಮ್ಮ ಪಿಎಲ್‌ಸಿ ಸರಿಯಾಯಿತು, ಪಕ್ಕದ ಸೆಕ್ಷನ್‌ನ ಪಿಎಲ್‌ಸಿ ದೂರು ಹೇಳುತ್ತಿದೆ.

ನಿಮ್ಮ ಟ್ಯಾಗನ್ನು ಅವರು ಕನ್ಸ್ಯೂಮ್ ಮಾಡುತ್ತಿದ್ದರೆ ಅವರ ಟ್ರೀಯಲ್ಲೂ ನಿಮ್ಮ ಇಎನ್‌ಬಿಟಿಯ ಚಿತ್ರ ಇರುತ್ತದೆ. ಅಲ್ಲಿಯೂ ತಿದ್ದಬೇಕು, ಅದಕ್ಕೆ ಅಲ್ಲಿಯೂ ಡೌನ್‌ಲೋಡ್, ಅಂದರೆ ಅಲ್ಲಿಯೂ ಶಟ್‌ಡೌನ್. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಪ್ಲಾಂಟಿನ ಎಲ್ಲ ಪ್ರಾಜೆಕ್ಟ್ ಫೈಲುಗಳಲ್ಲಿ ನಿಮ್ಮ ಐಪಿಯನ್ನು ಹುಡುಕಿ.

ಮಾಡ್ಯೂಲ್ ಫಾಲ್ಟ್ 16#0114 ಬರುತ್ತಿದೆ. ಏನದು?

ಟ್ರೀಯಲ್ಲಿ ಬರೆದ ಕಾರ್ಡ್ ಒಂದು, ಸ್ಲಾಟಿನಲ್ಲಿ ಇರುವ ಕಾರ್ಡ್ ಇನ್ನೊಂದು ಎಂದು ಅರ್ಥ. 16#0115 ಬಂದರೆ ಸಾಧನದ ಬಗೆಯೇ ಹೊಂದುತ್ತಿಲ್ಲ. 16#0116 ಆದರೆ ಕಾರ್ಡ್ ಸರಿ, ಫರ್ಮ್‌ವೇರ್ ಆವೃತ್ತಿ ಹೊಂದುತ್ತಿಲ್ಲ. ಎಲೆಕ್ಟ್ರಾನಿಕ್ ಕೀಯಿಂಗ್ (ಟ್ರೀಯಲ್ಲಿ ಬರೆದ ಕಾರ್ಡೇ ಸ್ಲಾಟಿನಲ್ಲಿದೆಯಾ ಎಂದು ನೋಡುವ ತಪಾಸಣೆ) ಪೂರ್ತಿ ಆಫ್ ಮಾಡಿದರೆ ಫಾಲ್ಟ್ ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ರಾತ್ರಿ ಲೈನ್ ಎಬ್ಬಿಸಲು ಅದು ಸರಿ. ಬೆಳಿಗ್ಗೆ ಸರಿಯಾದ ಕಾರ್ಡನ್ನು ಟ್ರೀಯಲ್ಲಿ ಬರೆದು ಕೀಯಿಂಗ್ ಅನ್ನು ಕಂಪ್ಯಾಟಿಬಲ್‌ಗೆ ತನ್ನಿ. ನಾಳೆ ಯಾರೋ ತಪ್ಪು ಕಾರ್ಡ್ ಚುಚ್ಚಿದಾಗ ತಡೆಯುವ ಬೀಗ ಅದೊಂದೇ.

ಯಾವ ಫರ್ಮ್‌ವೇರ್ ಇಟ್ಟುಕೊಳ್ಳಬೇಕು?

ಇಎನ್2ಟಿ ಎ, ಬಿ, ಸಿ ಸರಣಿಗಳು 5ರ ಸಾಲಿನ ಫರ್ಮ್‌ವೇರ್ ಓಡಿಸುತ್ತವೆ. ಡಿ ಸರಣಿಯದು 10 ಮತ್ತು ಅದಕ್ಕಿಂತ ಮೇಲಿನ ಸಾಲು. ಒಂದರ ಫೈಲ್ ಇನ್ನೊಂದಕ್ಕೆ ಆಗದು. ಕಾರ್ಡಿನ ಲೇಬಲ್ ಮೇಲೆ ಸರಣಿಯ ಅಕ್ಷರ ಓದಿ ಆಮೇಲೆ ಡೌನ್‌ಲೋಡ್ ಮಾಡಿ. ಇಎನ್2ಟಿ/ಸಿ ಇದ್ದ ಜಾಗಕ್ಕೆ ಇಎನ್2ಟಿ/ಡಿ ತಂದು, ಟ್ರೀಯಲ್ಲಿ ಎಕ್ಸಾಕ್ಟ್ ಮ್ಯಾಚ್ ಇಟ್ಟವರು ಮೇಲೆ ಹೇಳಿದ 0116ಕ್ಕೆ ಸಿಕ್ಕಿಬೀಳುತ್ತಾರೆ.

ಇನ್ನೊಂದು ಗಂಭೀರ ಸಂಗತಿ. 2023ರ ಜುಲೈಯಲ್ಲಿ ಈ ಕಾರ್ಡುಗಳನ್ನು ತಯಾರಿಸುವ ರಾಕ್‌ವೆಲ್ ಆಟೊಮೇಷನ್ ಮತ್ತು ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಸಿಐಎಸ್‌ಎ ಈ ಕಾರ್ಡುಗಳ ಒಂದು ದೋಷವನ್ನು ಪ್ರಕಟಿಸಿದವು: ಸಿವಿಇ-2023-3595. ಬೇಕೆಂದೇ ತಿರುಚಿದ ಸಿಐಪಿ ಸಂದೇಶ ಕಳಿಸಿ ಕಾರ್ಡಿನ ಒಳಗೆ ಹೊಕ್ಕು, ಅದರ ಮೂಲಕ ಹಾಯುವ ಡೇಟಾವನ್ನೇ ಬದಲಾಯಿಸಲು ಸಾಧ್ಯವಾಗುವಂಥದ್ದು. ತೀವ್ರತೆಯ ಅಂಕ 10ಕ್ಕೆ 9.8. (ತಯಾರಕರ ಡಿಜಿಟಲ್) ಸಹಿ ಇರುವ ಫರ್ಮ್‌ವೇರಿನಲ್ಲಿ ಎ, ಬಿ, ಸಿ ಸರಣಿಗಳಿಗೆ 5.029, ಡಿ ಸರಣಿಗೆ 11.004, ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯ ಕಾರ್ಡ್ ತೆಗೆದು ಹೊಸದು ಹಾಕಿದೆವು, ಇನ್ನು ಸುರಕ್ಷಿತ ಎಂದು ಕೂರುವಂತಿಲ್ಲ; ಸ್ಟೋರ್‌ನಲ್ಲಿ ಮೂರು ವರ್ಷ ಪೆಟ್ಟಿಗೆಯಲ್ಲಿದ್ದ ‘ಹೊಸ’ ಕಾರ್ಡಿನೊಳಗೆ ಹಳೆಯ ಫರ್ಮ್‌ವೇರೇ ಇರುತ್ತದೆ. ಫ್ಲ್ಯಾಶ್ ಮಾಡುವುದಿದ್ದರೆ ಪ್ಲಾಂಟಿಗೆ ಒಯ್ಯುವ ಮುಂಚೆ, ಟೇಬಲ್ ಮೇಲಿನ ಬಿಡಿ ರ‍್ಯಾಕಿನಲ್ಲಿ ಮಾಡಿ. ಸಹಿ ಇರುವ ಆವೃತ್ತಿಗೆ ಏರಿದ ಮೇಲೆ ಸಹಿ ಇಲ್ಲದ ಹಳೆಯದಕ್ಕೆ ಇಳಿಯಲು ಆಗುವುದಿಲ್ಲ ಎನ್ನುವುದೂ ತಿಳಿದಿರಲಿ.

ಪವರ್ ಇರುವಾಗಲೇ ಕಾರ್ಡ್ ಎಳೆಯಬಹುದಾ?

ಕಂಟ್ರೋಲ್‌ಲಾಜಿಕ್ಸ್ ರ‍್ಯಾಕ್ ಅದಕ್ಕೆಂದೇ ಮಾಡಿದ್ದು. ಮೇಲಿನ ಕೆಳಗಿನ ಕೊಕ್ಕೆ ಒತ್ತಿ ಎಳೆದರೆ ಬರುತ್ತದೆ, ಪಕ್ಕದ ಕಾರ್ಡುಗಳಿಗೆ ಏನೂ ಆಗುವುದಿಲ್ಲ. ಆದರೆ ಎರಡು ಮಾತು. ಡಿಸ್ಟಿಲರಿ, ಪೇಂಟ್, ಸಾಲ್ವೆಂಟ್ ಇರುವ ಅಪಾಯಕಾರಿ ವಲಯದ ಪ್ಯಾನೆಲಿನಲ್ಲಿ ಬೇಡವೇ ಬೇಡ; ಎಳೆಯುವಾಗ ಹಾರುವ ಒಂದು ಕಿಡಿ ಸಾಕು. ಎರಡನೆಯದು, ಕಾರ್ಡಿಗೆ ಏನೂ ಆಗದಿದ್ದರೂ ಅದರಾಚೆಯ ರಿಮೋಟ್ ರ‍್ಯಾಕ್ ಸಂಪರ್ಕ ಆ ಕ್ಷಣ ಕಡಿಯುತ್ತದೆ. ಅಲ್ಲಿಯ ಔಟ್‌ಪುಟ್‌ಗಳು ಫಾಲ್ಟ್ ಸ್ಥಿತಿಗೆ ಹೋಗುತ್ತವೆ, ಬೇರೆ ಏನೂ ಹೇಳಿರದಿದ್ದರೆ ಆಫ್. ಕೂಲಿಂಗ್ ಪಂಪ್ ಅಲ್ಲಿದ್ದರೆ ಅದೂ ನಿಂತಿತು.

ಎರಡು ಪೋರ್ಟಿನ ಇಎನ್2ಟಿಆರ್ ತೆಗೆದುಕೊಳ್ಳೋಣವಾ? ಅಥವಾ ಒಮ್ಮೆಲೇ ಇಎನ್4ಟಿಆರ್‌ಗೆ ಹೋಗೋಣವಾ?

ಇಎನ್2ಟಿಆರ್‌ನಲ್ಲಿ ಎರಡು ಪೋರ್ಟ್ ಇರುವುದರಿಂದ ಡಿಎಲ್‌ಆರ್ ಎಂಬ ಉಂಗುರ ಜೋಡಣೆ ಸಾಧ್ಯ. ಒಂದು ಕಡೆ ಕೇಬಲ್ ಕಡಿದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಇಲಿ ಕಾಟ, ಫೋರ್ಕ್‌ಲಿಫ್ಟ್ ಕಾಟ ಇರುವಲ್ಲಿ ಉಪಯೋಗ ನಿಜ. ಉಂಗುರ ಕಟ್ಟುವ ಆಲೋಚನೆಯೇ ಇಲ್ಲದಿದ್ದರೆ ಒಂಟಿ ಪೋರ್ಟ್ ಸಾಕು.

ಇಎನ್4ಟಿಆರ್ ಗಿಗಾಬಿಟ್ ವೇಗದ್ದು, ಇಎನ್2ಟಿಯಲ್ಲಿ ಇಲ್ಲದ ಸಿಐಪಿ ಸೆಕ್ಯುರಿಟಿ ಅದರಲ್ಲಿದೆ. ಆದರೆ ಅದಕ್ಕೆ ತಕ್ಕ ಹೊಸ ಸಾಫ್ಟ್‌ವೇರ್ ಬೇಕು. ಸಿಪಿಯು ಕೂಡ ಬದಲಾಯಿಸುವ ಯೋಜನೆ ಎರಡು ಮೂರು ವರ್ಷದಲ್ಲಿದ್ದರೆ ನನ್ನ ಸಲಹೆ ಬೇರೆ: 1756-ಎಲ್8 ಸಿಪಿಯುಗಳ ಮೈಯಲ್ಲೇ ಒಂದು ಗಿಗಾಬಿಟ್ ಎತರ್ನೆಟ್ ಪೋರ್ಟ್ ಇದೆ. ಅಂಥವರು ಈಗ ಎಷ್ಟು ಕಡಿಮೆ ಖರ್ಚಿನಲ್ಲಿ ಆಗುತ್ತದೋ ಅಷ್ಟರಲ್ಲಿ ಇಎನ್2ಟಿ ಹಾಕಿಕೊಂಡು ದಾಟಿಕೊಳ್ಳಲಿ.

ನಮ್ಮದು ಇಎನ್‌ಬಿಟಿ ಅಲ್ಲ, 1756-ಇವೆಬ್. ಅದಕ್ಕೂ ಇದೇ ಉತ್ತರವಾ?

ಅಲ್ಲ. ಇವೆಬ್ ಕಾರ್ಡಿನೊಳಗೆ ಯಾರೋ ನಿಮಗಾಗಿ ವೆಬ್ ಪುಟಗಳನ್ನು ಮಾಡಿಟ್ಟಿರಬಹುದು. ಇಎನ್2ಟಿಯಲ್ಲಿ ಅಂಥ ಪುಟ ಇಡಲು ಜಾಗವಿಲ್ಲ. ಮೊದಲು ಆ ಪುಟಗಳನ್ನು ಯಾರು ನೋಡುತ್ತಿದ್ದಾರೆ ಎಂದು ವಿಚಾರಿಸಿ.

ಸಕ್ಕರೆ, ರಸಗೊಬ್ಬರ, ಕೆಮಿಕಲ್ ಪ್ಲಾಂಟಿನ ಗಾಳಿಗೆ ಕಾರ್ಡ್ ಬೇಗ ಹೋಗುತ್ತದೆ. ಏನಾದರೂ ಉಪಾಯ?

ಸಂಖ್ಯೆಯ ಕೊನೆಗೆ ಕೆ ಅಕ್ಷರ ಇರುವ 1756-ಇಎನ್2ಟಿಕೆ ಕೇಳಿ. ಅದರ ಸರ್ಕ್ಯೂಟ್ ಬೋರ್ಡಿಗೆ ರಕ್ಷಣಾ ಲೇಪ ಬಳಿದಿರುತ್ತಾರೆ, ಉಳಿದಂತೆ ಅದೇ ಕಾರ್ಡ್. ಅದರ ಜೊತೆಗೆ ಪ್ಯಾನೆಲ್ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಕೂಡ ನೋಡಿ. ಲೇಪದ ಕಾರ್ಡ್ ಹಾಕಿ, ಗ್ಲ್ಯಾಂಡ್ ಇಲ್ಲದ ಕೇಬಲ್ ತೂತುಗಳನ್ನು ಹಾಗೇ ಬಿಟ್ಟವರನ್ನು ನೋಡಿದ್ದೇನೆ.

ಮುಂಭಾಗದ ಯುಎಸ್‌ಬಿಗೆ ಲ್ಯಾಪ್‌ಟಾಪ್ ಚುಚ್ಚಿಯೇ ಬಿಡಬಹುದಾ?

ಬಿಡಬೇಡಿ. ಅದು ತಾತ್ಕಾಲಿಕ ಕೆಲಸಕ್ಕೆ. ಕೇಬಲ್ ಮೂರು ಮೀಟರ್ ಮೀರಬಾರದು, ನಡುವೆ ಹಬ್ ಬೇಡ. ಐಪಿ ಮರೆತುಹೋದ ಕಾರ್ಡಿನೊಂದಿಗೆ ಮಾತಾಡಲು ಮಾತ್ರ ಇದರಂಥ ವರ ಇನ್ನೊಂದಿಲ್ಲ.

ತೆಗೆದ ಹಳೆಯ ಕಾರ್ಡನ್ನು ಏನು ಮಾಡಬೇಕು?

ಕೆಟ್ಟಿಲ್ಲದಿದ್ದರೆ ಎಸೆಯಬೇಡಿ. ಹೊಸ ಕಾರ್ಡ್ ಕೈಕೊಟ್ಟರೆ ಹಿಂದಕ್ಕೆ ಹೋಗುವ ದಾರಿ ಅದೇ, ಅದರ ಜೊತೆಗೆ ಹಳೆಯ ಪ್ರಾಜೆಕ್ಟ್ ಫೈಲಿನ ಪ್ರತಿ. ಕೆಟ್ಟದ್ದಾದರೆ ಗುಜರಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಇಟ್ಟುಕೊಳ್ಳುವ ಕಾರ್ಡಿನ ಮೇಲೆ ಬಿಳಿ ಟೇಪ್ ಹಚ್ಚಿ ಮಾರ್ಕರಿನಲ್ಲಿ ಪ್ಯಾನೆಲ್ ಹೆಸರು, ಸ್ಲಾಟ್, ಐಪಿ, ತೆಗೆದ ತಾರೀಖು ಬರೆದು, ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿಡಿ. ಮತ್ತು ಆ ಕಾರ್ಡಿನಲ್ಲಿ ಹಳೆಯ ಐಪಿ ಇನ್ನೂ ಉಳಿದಿದೆ ಎನ್ನುವುದನ್ನು ಟೇಪಿನ ಮೇಲೆಯೇ ಕೆಂಪು ಅಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಸ್ಟೋರ್‌ನಿಂದ ತಂದು ಇನ್ಯಾವುದೋ ರ‍್ಯಾಕಿಗೆ ಚುಚ್ಚಿದ ದಿನ ಒಂದೇ ಐಪಿ ಇಬ್ಬರಿಗಾಗಿ, ಯಾವುದೋ ಒಂದು ಕಾರ್ಡಿನ ನೆಟ್ ದೀಪ ಕೆಂಪಗೆ ನಿಂತುಬಿಡುತ್ತದೆ.